ರಿಮೋಟು ಕೆಟ್ಟಿದೆ ಮೇಡಂ!

ರಂಗಮಂದಿರಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಸಂಭಾಷಣೆಯನ್ನು ಯಾವ ನಾಟಕಕಾರನೂ ಬರೆದಿಲ್ಲ. ‘ರಿಮೋಟು ಕೆಟ್ಟಿದೆ ಮೇಡಂ, ಹುಡುಗ ನಾಳೆ ಬರ್ತಾನೆ’ ಎಂಬುದೇ ಅದು. ಆ ಹುಡುಗ ಯಾರು, ಅವನ ನಾಳೆ ಯಾವತ್ತು ಎಂದು ಕೇಳುವ ಹಾಗಿಲ್ಲ. ಕೇಳಿದಿರೋ, ‘ಅದೆಲ್ಲ ನಿಮಗ್ಯಾಕೆ ಮೇಡಂ, ನೀವು ಮಕ್ಕಳ ಮೇಕಪ್ಪು ನೋಡ್ಕೊಳ್ಳಿ’ ಎಂಬ ಉಪದೇಶ ಸಿಗುತ್ತದೆ. ನನ್ನ ತಕರಾರು ರಿಮೋಟಿನ ಮೇಲಲ್ಲ, ಈ ಉಪದೇಶದ ಮೇಲೆ.

ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸಿದ ಗೆಳತಿಯರಿಗೆ ಈ ಪಾಡು ಗೊತ್ತು. ದೀಪಗಳ ದಿಕ್ಕು ಹೊಂದಿಸುವಾಗ ಒಬ್ಬರು ಏಣಿಯ ಮೇಲೆ, ಇನ್ನೊಬ್ಬರು ದೂರದ ಕೋಣೆಯಲ್ಲಿ ಲೈಟ್ ಬೋರ್ಡಿನ ಮುಂದೆ. ‘ಹನ್ನೆರಡು ಹಾಕ್ರೀ’ ಎಂದು ಇವರು, ‘ಯಾವುದೂ’ ಎಂದು ಅವರು. ಈ ಕೂಗಾಟ ತಪ್ಪಲೆಂದೇ ಕೈಯಲ್ಲಿ ಹಿಡಿಯುವ ರಿಮೋಟು ಬಂದದ್ದು. ಆದರೆ ಅದು ದೀಪಕ್ಕೆ ನೇರವಾಗಿ ಏನನ್ನೂ ಹೇಳುವುದಿಲ್ಲ. ರೇಡಿಯೋ ಅಲೆಯ ಮೂಲಕ ರಿಸೀವರ್ ಪೆಟ್ಟಿಗೆಗೆ ಹೇಳುತ್ತದೆ. ಪೆಟ್ಟಿಗೆ ವೈರಿನ ಮೂಲಕ ಬೋರ್ಡಿಗೆ, ಬೋರ್ಡು ಡಿಮ್ಮರಿಗೆ, ಡಿಮ್ಮರು ದೀಪಕ್ಕೆ. ಮಾತು ನಾಲ್ಕು ಮನೆ ದಾಟಿ ಹೋಗಬೇಕು. ಎಲ್ಲಿ ನಿಂತಿತೆಂದು ವಿಚಾರಿಸದೆ ಮೊದಲ ಮನೆಯವಳನ್ನೇ ದೂರುವುದು ಯಾವ ನ್ಯಾಯ?

ಇದು ಹೆಂಗಸರ ತಲೆಗೆ ಹತ್ತುವ ವಿದ್ಯೆಯಲ್ಲ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಚಟ್ನಿ ರುಬ್ಬುತ್ತಿದ್ದಾಗ ಮಿಕ್ಸಿ ನಿಂತರೆ ನಾವೇನು ಮಾಡುತ್ತೇವೆ? ಕರೆಂಟು ಇದೆಯೇ ನೋಡುತ್ತೇವೆ. ಜಾರು ಸರಿಯಾಗಿ ಕೂತಿದೆಯೇ ನೋಡುತ್ತೇವೆ. ಆಮೇಲೆ ಮಿಕ್ಸಿ ಮಗುಚಿ ತಳದ ಕೆಂಪು ಗುಂಡಿ ಒತ್ತುತ್ತೇವೆ. ಯಾರೂ ಹೇಳಿಕೊಡದೆ ಕಲಿತ ಈ ಕ್ರಮವೇ ರಿಮೋಟಿಗೂ ಸಾಕು.

ಮೊದಲು ಅದೇ ಹನ್ನೆರಡನೆಯ ದೀಪವನ್ನು ಬೋರ್ಡಿನಿಂದಲೇ ಹಚ್ಚಿ ನೋಡಬೇಕು. ಹತ್ತಲಿಲ್ಲವೇ? ಹಾಗಾದರೆ ರಿಮೋಟನ್ನು ಕೆಳಗಿಡಿ. ದೋಷ ಬೋರ್ಡಿನಲ್ಲೋ ವೈರಿನಲ್ಲೋ ಡಿಮ್ಮರಿನಲ್ಲೋ ಬಲ್ಬಿನಲ್ಲೋ ಇದೆ. ಹತ್ತಿತೇ? ಈಗ ರಿಮೋಟಿನ ಸರದಿ. ಸೆಲ್ಲುಗಳನ್ನು ತೆಗೆದು ಹೊಸದನ್ನೇ ಹಾಕಿ. ಹಳೆಯದರ ಜೊತೆ ಹೊಸದನ್ನು ಬೆರೆಸಬೇಡಿ. ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಕಂಡರೆ ಸೆಲ್ಲು ಸೋರಿದೆಯೆಂದೇ ಅರ್ಥ. ಆಮೇಲೆ ರಿಸೀವರಿನ ದೀಪ ಉರಿಯುತ್ತಿದೆಯೇ, ಅದರ ವೈರು ಬೋರ್ಡಿಗೆ ಭದ್ರವಾಗಿ ಕೂತಿದೆಯೇ ನೋಡಿ. ರಿಮೋಟಿನಲ್ಲೂ ರಿಸೀವರಿನಲ್ಲೂ ಚಾನೆಲ್ ಸಂಖ್ಯೆ ಒಂದೇ ಇರಬೇಕು. ಹೊರಗಿನ ರಿಮೋಟನ್ನು ಒಪ್ಪಿಕೊಳ್ಳುವಂತೆ ಬೋರ್ಡಿಗೂ ಹೇಳಿರಬೇಕಾಗುತ್ತದೆ.

ಇಷ್ಟಾದ ಮೇಲೂ ಮುಷ್ಕರವೇ? ರಿಸೀವರಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು ಒತ್ತಿ. ಅಲ್ಲಿ ಕೆಲಸ ಮಾಡಿ ವೇದಿಕೆಯಲ್ಲಿ ಮಾಡದಿದ್ದರೆ ಅದು ಕೆಟ್ಟಿಲ್ಲ, ಅದರ ದನಿ ತಲುಪುತ್ತಿಲ್ಲ. ಟೀವಿ ರಿಮೋಟಿನಂತೆ ಗುರಿಯಿಟ್ಟು ತೋರಿಸಿ ಪ್ರಯೋಜನವಿಲ್ಲ. ಇಂಥ ಎಷ್ಟೋ ರಿಮೋಟುಗಳು ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಲ್ಲೇ ಮಾತಾಡುತ್ತವೆ. ಆ ಅಲೆಗಳನ್ನು ಕಬ್ಬಿಣದ ಬೀರು ತಡೆಯುತ್ತದೆ, ನೀರು ಹೀರುತ್ತದೆ. ಮನುಷ್ಯನ ಮೈಯಲ್ಲಿ ನೀರೇ ಹೆಚ್ಚಲ್ಲವೇ? ಬೆಳಿಗ್ಗೆ ಖಾಲಿ ಸಭಾಂಗಣದಲ್ಲಿ ಚೆನ್ನಾಗಿದ್ದದ್ದು ಸಂಜೆ ಜನ ತುಂಬಿದಾಗ ತೊದಲುವುದಕ್ಕೆ ಇದೂ ಒಂದು ಕಾರಣ. ಅದಕ್ಕೆ ದೃಷ್ಟಿ ತೆಗೆಯಬೇಕಾಗಿಲ್ಲ. ರಿಸೀವರನ್ನು ಎತ್ತರದಲ್ಲಿ, ವೈಫೈ ಪೆಟ್ಟಿಗೆಯಿಂದ ದೂರ ಇಟ್ಟು, ಎರಡು ಕಡೆಯೂ ಚಾನೆಲ್ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಔಷಧಿ ಯಾವುದೆಂದು ತಿಳಿಯುವುದಿಲ್ಲ.

‘ಶಾಕ್ ಹೊಡೆದರೆ?’ ಎಂದು ಹೆದರಿಸುವವರಿದ್ದಾರೆ. ಡಿಮ್ಮರ್ ಪೆಟ್ಟಿಗೆ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್ನಿನದು. ಅದಕ್ಕೆ ಹೆಣ್ಣೂ ಕೈ ಹಾಕಬಾರದು, ತಿಳಿಯದ ಗಂಡೂ ಹಾಕಬಾರದು. ಆದರೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲು ಯಾರ ಪ್ರಾಣವನ್ನು ತೆಗೆದೀತು? ‘ದುಬಾರಿ ಸಾಮಾನು, ಹಾಳಾದರೆ?’ ಎನ್ನುವವರಿಗೂ ಉತ್ತರವಿದೆ. ಬೋರ್ಡಿನಲ್ಲಿ ಉಳಿಸಿದ ಬೆಳಕಿನ ವಿನ್ಯಾಸಕ್ಕೆ ಪೆನ್ ಡ್ರೈವಿನಲ್ಲಿ ಒಂದು ಪ್ರತಿ ಇಟ್ಟುಕೊಂಡರೆ ಗುಂಡಿ ತಪ್ಪಿ ಒತ್ತಿದ್ದಕ್ಕೆ ಪ್ರಳಯವಾಗದು. ನಿಜವಾಗಿ ರಿಮೋಟು ಹಾಳಾಗುವುದು ಬೀಗ ಹಾಕಿದ ಬೀರುವಿನಲ್ಲಿ, ತಿಂಗಳುಗಟ್ಟಲೆ ಮರೆತುಬಿಟ್ಟ ಸೆಲ್ಲು ಸೋರಿ. ಬೀಗ ಹಾಕಿದವರೇ ಹಾಳು ಮಾಡಿದವರು!

ಬೆಳಕಿನ ವಿದ್ಯೆ ಗಂಡಸರ ಜಹಗೀರು ಎಂದವರು ಚರಿತ್ರೆಯನ್ನಾದರೂ ಓದಲಿ. ಅಮೆರಿಕದ ರಂಗಭೂಮಿಯಲ್ಲಿ ಬೆಳಕಿನ ವಿನ್ಯಾಸವನ್ನು ಒಂದು ಸ್ವತಂತ್ರ ವೃತ್ತಿಯಾಗಿ ನಿಲ್ಲಿಸಿದವರಲ್ಲಿ ಮುಖ್ಯರಾದವರು 1912ರಲ್ಲಿ ಹುಟ್ಟಿದ ಜೀನ್ ರೋಸೆಂಥಾಲ್. 1975ರಲ್ಲಿ ‘ಎ ಕೋರಸ್ ಲೈನ್’ ನಾಟಕದ ಮೂಲಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಗಣಕೀಕೃತ ಲೈಟ್ ಬೋರ್ಡನ್ನು ಮೊದಲು ತಂದವರು ಥಾರನ್ ಮಸ್ಸರ್. ಇಬ್ಬರೂ ಹೆಂಗಸರು. ಅವರು ತಂದ ದಾರಿಯಲ್ಲಿ ಬಂದ ಯಂತ್ರವನ್ನು ನಮ್ಮ ಹೆಣ್ಣುಮಕ್ಕಳು ಮುಟ್ಟಬಾರದೇ?

ಇದು ಬರೀ ರಿಮೋಟಿನ ಮಾತಲ್ಲ. ‘ಕೆಟ್ಟಿದೆ’ ಎಂಬ ಒಂದು ಪದದಿಂದ ನಮ್ಮನ್ನು ಎಷ್ಟು ಕಡೆ ಹೊರಗೆ ನಿಲ್ಲಿಸಿದ್ದಾರೆ, ನೀವೇ ಲೆಕ್ಕ ಹಾಕಿ. ಹಾಗಾಗಿ ಮುಂದಿನ ಸಲ ಬಾಡಿಗೆ ಕಟ್ಟುವಾಗ ರಸೀತಿಯ ಜೊತೆಗೆ ಮೂರು ವಸ್ತು ಕೇಳಿ ಪಡೆಯಿರಿ: ಬೀರುವಿನ ಬೀಗದ ಕೈ, ರಿಮೋಟಿನ ಕೈಪಿಡಿ, ಹೊಸ ಸೆಲ್ಲು. ನಾಟಕದಲ್ಲಿ ಪಾತ್ರ ಸಿಗದ ಇಬ್ಬರು ಹುಡುಗಿಯರನ್ನು ಬೋರ್ಡಿನ ಮುಂದೆ ಕೂರಿಸಿ. ‘ಕೆಟ್ಟಿದೆ ಮೇಡಂ’ ಎಂದು ಯಾರಾದರೂ ಬಂದರೆ ಅವರು ಕೇಳಲಿ: ‘ಎಲ್ಲಿ ಕೆಟ್ಟಿದೆ? ಏನು ನೋಡಿದಿರಿ?’