ಕನ್ನಡಿ ಹಿಡಿದವರ ಮೇಲೆ ಸಿಟ್ಟೇಕೆ?

ಹೊಸದುರ್ಗದಿಂದ ವಾಪಸ್ ಬರುವ ಬಸ್ಸಿನಲ್ಲಿ ನಮ್ಮ ವಾಲಿಬಾಲ್ ತಂಡದವರು ಯಾರೂ ಮಾತಾಡಲಿಲ್ಲ. ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಸರ್ ಇಳಿದು ಎಲ್ಲರಿಗೂ ಟೀ, ಬನ್ನು ಕೊಡಿಸಿದರು. ಅದನ್ನು ತಗೊಳ್ಳುವಾಗಲೂ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಜಿಲ್ಲಾ ಮಟ್ಟದ ಸೆಮಿಫೈನಲ್‌ನಲ್ಲಿ ನೇರ ಎರಡು ಸೆಟ್‌ಗಳಲ್ಲಿ ಸೋತಿದ್ದೆವು. ಆದರೆ ನಾಚಿಕೆ ಅದಕ್ಕಲ್ಲ. ಸೋಲುವುದು ಆಟದಲ್ಲಿ ಇದ್ದದ್ದೇ. ನಾಚಿಕೆ ಒಂದು ಕಾಗದಕ್ಕೆ.

ಪಂದ್ಯಕ್ಕೆ ಮೂರು ವಾರ ಮೊದಲಿನ ಮಾತು. ನಮ್ಮ ತಂಡದ ಸ್ಮ್ಯಾಷರ್ ಎಷ್ಟು ಒಳ್ಳೆಯ ಆಟಗಾರ ಎಂಬುದು ಈ ಕಾಲೇಜಿನ ಎಲ್ಲರಿಗೂ ಗೊತ್ತು. ಅವನು ಹಾರಿ ಹೊಡೆದರೆ ಹುಡುಗಿಯರ ಬ್ಲಾಕಿನ ಕಿಟಕಿಗಳೂ ತೆರೆದುಕೊಳ್ಳುತ್ತವೆ. ಅವನಿಗೆ ಬಾಲ್ ಎತ್ತಿಕೊಡುವವನು ನಾನು. ಒಂದು ಶುಕ್ರವಾರ, ಜುಮ್ಮಾ ಮುಗಿದ ಮೇಲಿನ ಅಭ್ಯಾಸದಲ್ಲಿ, ಪಿ.ಟಿ. ಸರ್ ಎಲ್ಲರ ಎದುರೇ ಅವನಿಗೆ ಹೇಳಿದರು: 'ಹೊಡೆಯೋದು ಬಿಡಪ್ಪ, ಅದು ನಿನಗೆ ಬರುತ್ತೆ. ನಿನಗೆ ಬಾಲ್ ತಗೊಳ್ಳೋಕೆ ಬರಲ್ಲ. ಎದುರಿನವರಿಗೆ ಇದು ಗೊತ್ತಾದ ದಿನ ನಾವು ಮುಗಿದೆವು.' ಹೀಗೆ ಹೇಳಿ ಅವನನ್ನು ಅರ್ಧ ಗಂಟೆ ಹೊರಗೆ ಕೂರಿಸಿದರು.

ಅವನು ಕೆಂಡವಾದ. ಮರುದಿನ ನಾವು ಐವರು ಸೇರಿ ಆಫೀಸಿಗೆ ಒಂದು ಕಾಗದ ಕೊಟ್ಟೆವು. ಸರ್ ಆಟಗಾರರನ್ನು ಅವಮಾನ ಮಾಡುತ್ತಾರೆ, ಬೇರೆಯವರಿಂದ ತರಬೇತಿ ಕೊಡಿಸಿ ಎಂದು. ಬರೆದವನು ನಾನೇ, ನನ್ನ ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ. ನಮ್ಮಲ್ಲಿ ಒಬ್ಬನೂ ಮೊದಲು ಸರ್ ಹತ್ತಿರ ಹೋಗಿ 'ಸರ್, ನೀವು ಹಾಗೆ ಅಂದದ್ದು ನಮಗೆ ಬೇಜಾರಾಯಿತು' ಎನ್ನಲಿಲ್ಲ. ಸರ್‌ಗೆ ವಿಷಯ ಗೊತ್ತಾದದ್ದು ಆಫೀಸಿನವರಿಂದ. ಆಮೇಲೆ ಅವರು ಸಂಜೆ ಮೈದಾನಕ್ಕೆ ಬರುವುದನ್ನು ನಿಲ್ಲಿಸಿದರು. ಹೊಸದುರ್ಗಕ್ಕೆ ಬಂದದ್ದು ಕರೆದುಕೊಂಡು ಹೋಗುವ ಜವಾಬ್ದಾರಿಯಿಂದ ಅಷ್ಟೇ. ಅಲ್ಲಿ ಎದುರು ತಂಡದವರು ಮಾಡಿದ್ದೇನು ಗೊತ್ತೇ? ಎರಡು ಸೆಟ್‌ಗಳಲ್ಲಿ 19 ಸರ್ವ್‌ಗಳನ್ನು ನೇರ ಅವನ ಮೇಲೇ ಹಾಕಿದರು.

ಅಂದಿನಿಂದ ನನಗೆ ಅನಿಲ್ ಕುಂಬ್ಳೆ ನೆನಪಾಗುತ್ತಿದ್ದಾರೆ.

2016ರ ಜೂನ್‌ನಲ್ಲಿ ಕುಂಬ್ಳೆ ಭಾರತ ಕ್ರಿಕೆಟ್ ತಂಡದ ಮುಖ್ಯ ಕೋಚ್ ಆದರು. ಅವಧಿ ಒಂದು ವರ್ಷ. ಆಗ ಟೆಸ್ಟ್ ನಾಯಕ ವಿರಾಟ್ ಕೊಹ್ಲಿ. ಇಬ್ಬರೂ ಅಪರಿಚಿತರೇನಲ್ಲ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವನ್ನು ಕುಂಬ್ಳೆ ಮುನ್ನಡೆಸಿ 2009ರ ಐಪಿಎಲ್ ಫೈನಲ್‌ವರೆಗೆ ಕೊಂಡೊಯ್ದಾಗ ಕೊಹ್ಲಿ ಅದೇ ತಂಡದ ಎಳೆಯ ಹುಡುಗ. ಕೋಚ್ ಆಗಿ ಕುಂಬ್ಳೆ ಇದ್ದ ಒಂದು ವರ್ಷದಲ್ಲಿ ಭಾರತ 17 ಟೆಸ್ಟ್ ಆಡಿ 12 ಗೆದ್ದಿತು, ಸೋತದ್ದು ಒಂದೇ ಒಂದು. ನ್ಯೂಜಿಲೆಂಡ್ ವಿರುದ್ಧ 3-0, ಇಂಗ್ಲೆಂಡ್ ವಿರುದ್ಧ 4-0, ಆಸ್ಟ್ರೇಲಿಯಾ ವಿರುದ್ಧ 2-1. ನಮ್ಮ ಕರುಣ್ ನಾಯರ್ ಚೆನ್ನೈನಲ್ಲಿ ಔಟಾಗದೆ 303 ಹೊಡೆದದ್ದೂ ಆಗಲೇ. ಇಷ್ಟೆಲ್ಲ ಗೆದ್ದ ಮೇಲೆ ಆ ಕೋಚ್ ಉಳಿಯಬೇಕಿತ್ತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ.

2017ರ ಜೂನ್ 18ರಂದು ಲಂಡನ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 180 ರನ್‌ಗಳಿಂದ ಸೋತಿತು. ಎರಡು ದಿನ ಕಳೆದು, ಜೂನ್ 20ರಂದು ಕುಂಬ್ಳೆ ರಾಜೀನಾಮೆ ಕೊಟ್ಟರು. ಅಂದು ಅವರು ಹೊರಡಿಸಿದ ಹೇಳಿಕೆ ಚಿಕ್ಕದು. ಅದರಲ್ಲಿ ಎರಡು ಮಾತು ನನಗೆ ಮುಖ್ಯ ಅನಿಸಿತು. ತನ್ನ ಶೈಲಿಯ ಬಗ್ಗೆ ಮತ್ತು ತಾನು ಕೋಚ್ ಆಗಿ ಮುಂದುವರಿಯುವ ಬಗ್ಗೆ ನಾಯಕನಿಗೆ ತಕರಾರಿದೆ ಎಂದು ಕ್ರಿಕೆಟ್ ಮಂಡಳಿಯಿಂದ ಮೊದಲ ಬಾರಿಗೆ ತಿಳಿದದ್ದೇ ಹಿಂದಿನ ದಿನ ಎಂಬುದು ಒಂದು. ತಂಡ ತನ್ನನ್ನು ತಾನು ತಿದ್ದಿಕೊಳ್ಳಲು ಕನ್ನಡಿ ಹಿಡಿಯುವುದು ಕೋಚ್‌ನ ಕೆಲಸ ಎಂಬುದು ಇನ್ನೊಂದು.

ಒಂದು ವರ್ಷ ಒಂದೇ ಡ್ರೆಸಿಂಗ್ ರೂಮು, ಒಂದೇ ಬಸ್ಸು, ಒಂದೇ ಹೋಟೆಲು. ಆದರೂ ತನ್ನ ಮೇಲಿನ ದೂರು ಮನುಷ್ಯನಿಗೆ ತಲುಪಿದ್ದು ಕಡೇ ದಿನ, ಮೂರನೆಯವರ ಬಾಯಿಂದ. ನಮ್ಮ ಕಾಗದವೂ ಹೀಗೇ ಹೋಯಿತಲ್ಲ.

ಕೊಹ್ಲಿಯವರ ಪರವಾಗಿ ಹೇಳಬೇಕಾದದ್ದೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕ್ರಿಕೆಟ್‌ನಲ್ಲಿ ಮೈದಾನದೊಳಗೆ ನಿಂತು ತೀರ್ಮಾನ ಮಾಡುವವನು ನಾಯಕ. ಸೋತರೆ ಬೈಗುಳ ತಿನ್ನುವವನೂ ಅವನೇ. ಯಾವ ರೀತಿಯ ಕೋಚ್ ಜೊತೆ ಕೆಲಸ ಮಾಡಬಲ್ಲೆ ಎಂದು ಹೇಳುವ ಹಕ್ಕು ಅವನಿಗಿದೆ. ರಾಜೀನಾಮೆ ನಂತರ ವೆಸ್ಟ್ ಇಂಡೀಸ್‌ನಲ್ಲಿ ಪತ್ರಕರ್ತರು ಕೇಳಿದಾಗ ಅವರು ಅನಿಲ್ ಭಾಯ್ ತೀರ್ಮಾನವನ್ನು ಗೌರವಿಸುತ್ತೇವೆ, ಡ್ರೆಸಿಂಗ್ ರೂಮಿನ ಮಾತು ಅಲ್ಲೇ ಇರಬೇಕು ಎಂಬ ಅರ್ಥದಲ್ಲಿ ಮಾತಾಡಿ ಸುಮ್ಮನಾದರು. ಅದೂ ಒಂದು ಮರ್ಯಾದೆಯೇ. ತಕರಾರು ಇದ್ದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಹೋದ ದಾರಿ ತಪ್ಪು. ಆ ದಾರಿಯನ್ನು ಹಾಗೆ ಬಿಟ್ಟ ಹಿರಿಯರ ತಪ್ಪು ಇನ್ನೂ ದೊಡ್ಡದು ಎಂದು ನನ್ನ ಅನಿಸಿಕೆ.

ಕುಂಬ್ಳೆ ಶಿಸ್ತಿನವರು, ಅವರ ಜೊತೆ ಹೊಂದಿಕೊಳ್ಳುವುದು ಕಷ್ಟ ಎಂದು ನಮ್ಮ ತರಗತಿಯಲ್ಲಿ ಕೆಲವರು ವಾದಿಸಿದರು. ಇರಬಹುದು. ಆದರೆ ಆ ಶಿಸ್ತು ಅವರು ಮೊದಲು ತನ್ನ ಮೇಲೇ ಹಾಕಿಕೊಂಡದ್ದು. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿತ್ತು. ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ವಿಕೆಟ್ ತೆಗೆದರು. ಇಂಥವರಿಗೆ ಬೇರೆಯವರ ಸೋಮಾರಿತನ ಕಂಡರೆ ಸಹನೆ ಇರುವುದಿಲ್ಲ, ಅದು ಸಹಜ.

ಅಂಥ ಕುಂಬ್ಳೆಯೂ ಒಬ್ಬರೇ ದೊಡ್ಡವರಾದವರಲ್ಲ. 1999ರ ಫೆಬ್ರುವರಿ 7, ದೆಹಲಿ. ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನೂ ಕುಂಬ್ಳೆಯೇ ತೆಗೆದಿದ್ದರು. ಇನ್ನೊಂದು ಕಡೆಯಿಂದ ಬೌಲಿಂಗ್ ಮಾಡುತ್ತಿದ್ದವರು ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್. ಅವರಿಗೆ ಆ ಕಡೇ ವಿಕೆಟ್ ಬೇಕಿರಲಿಲ್ಲವೇ? ಅವರು ಬೇಕೆಂದೇ ಸ್ಟಂಪ್‌ನಿಂದ ದೂರ, ಹೊರಗೆ ಹೊರಗೆ ಬೌಲ್ ಮಾಡಿದರು, ಅಪ್ಪಿತಪ್ಪಿ ವಿಕೆಟ್ ಬಿದ್ದುಬಿಟ್ಟೀತು ಎಂದು. ಮುಂದಿನ ಓವರ್‌ನಲ್ಲಿ ವಾಸಿಂ ಅಕ್ರಂ ಕುಂಬ್ಳೆಗೆ ಔಟ್. 74 ರನ್‌ಗೆ 10 ವಿಕೆಟ್. ದಾಖಲೆ ಪುಸ್ತಕದಲ್ಲಿ ಶ್ರೀನಾಥ್ ಎದುರು ಆ ಇನಿಂಗ್ಸ್‌ನಲ್ಲಿ ಸೊನ್ನೆ ವಿಕೆಟ್ ಇದೆ. ಬಾಲ್ ಎತ್ತಿಕೊಡುವವನಾದ್ದರಿಂದ ನನಗೆ ಆ ಸೊನ್ನೆಯ ಮೇಲೆ ಬಹಳ ಪ್ರೀತಿ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೈಕೆಲ್ ಜೋರ್ಡಾನ್ ಕಥೆಯೂ ಹೀಗೇ ಏನೋ ಹೇಳುತ್ತದೆ. ಅವರ ಷೂ ಹೆಸರು ಗೊತ್ತಿರುವ ನಮ್ಮ ಹುಡುಗರಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ. 1986ರಲ್ಲಿ ಬಾಸ್ಟನ್ ವಿರುದ್ಧ ಪ್ಲೇಆಫ್ ಪಂದ್ಯದಲ್ಲಿ ಅವರೊಬ್ಬರೇ 63 ಅಂಕ ಗಳಿಸಿದರು. ಆದರೂ ಚಿಕಾಗೊ ಬುಲ್ಸ್ ಸೋತಿತು, ಆ ಸರಣಿಯಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 1989ರಲ್ಲಿ ಫಿಲ್ ಜಾಕ್ಸನ್ ಕೋಚ್ ಆಗಿ ಬಂದರು. ಚೆಂಡು ಒಬ್ಬರ ಕೈಯಲ್ಲೇ ನಿಲ್ಲದೆ ಐವರ ಕೈಗೂ ಹೋಗಬೇಕು ಎಂಬ ಆಟದ ಕ್ರಮ ತಂದರು. ಜೋರ್ಡಾನ್‌ಗೆ ಅದು ಮೊದಲು ಹಿಡಿಸಲಿಲ್ಲ. ಆದರೂ ಮಾತಾಡಿ, ವಾದಿಸಿ ಒಪ್ಪಿಕೊಂಡರು. 1991ರಿಂದ 1998ರೊಳಗೆ ಆರು ಬಾರಿ ಚಾಂಪಿಯನ್ ಆದರು.

ಜೋರ್ಡಾನ್ ಸಂತರೇನಲ್ಲ. 1995ರ ಒಂದು ಅಭ್ಯಾಸದಲ್ಲಿ ತಮಗಿಂತ ಚಿಕ್ಕ ಗಾತ್ರದ ಸಹ ಆಟಗಾರ ಸ್ಟೀವ್ ಕರ್ ಮುಖಕ್ಕೆ ಗುದ್ದಿದರು. ಕಣ್ಣು ಕಪ್ಪಾಯಿತು. ಕೋಚ್ ಜಾಕ್ಸನ್ ಆ ದಿನ ಜಗತ್ತಿನ ಅತಿ ದೊಡ್ಡ ಆಟಗಾರನನ್ನು ಅಭ್ಯಾಸದಿಂದ ಹೊರಗೆ ಕಳಿಸಿದರು. ಗಮನಿಸಿ, ಜೋರ್ಡಾನ್ ಮಾಲೀಕರಿಗೆ ಕಾಗದ ಬರೆಯಲಿಲ್ಲ. ಅಂದೇ ಕರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದರು. 1997ರ ಫೈನಲ್‌ನ ಆರನೇ ಪಂದ್ಯ, ಅಂಕ ಸಮ, ಉಳಿದದ್ದು ಕೆಲವೇ ಸೆಕೆಂಡು. ಇಬ್ಬರು ಎದುರಾಳಿಗಳು ತಮ್ಮನ್ನು ಮುತ್ತಿದಾಗ ಜೋರ್ಡಾನ್ ಚೆಂಡನ್ನು ಕೊಟ್ಟದ್ದು ಅದೇ ಕರ್‌ಗೆ. ಕರ್ ಹಾಕಿದರು, ಬುಲ್ಸ್ ಗೆದ್ದಿತು.

ಇನ್ನೊಂದು ಘಟನೆ ಹೇಳಬೇಕು, ಇದು ನಮ್ಮ ರಾಹುಲ್ ದ್ರಾವಿಡ್ ಅವರದು. 2004ರ ಮಾರ್ಚ್, ಮುಲ್ತಾನ್ ಟೆಸ್ಟ್. ಗಂಗೂಲಿ ಗಾಯಗೊಂಡಿದ್ದರಿಂದ ದ್ರಾವಿಡ್ ನಾಯಕ. ಸಚಿನ್ ತೆಂಡೂಲ್ಕರ್ 194ರಲ್ಲಿ ಆಡುತ್ತಿದ್ದಾಗ ಅವರು ಡಿಕ್ಲೇರ್ ಮಾಡಿದರು. ಇನ್ನೂರಕ್ಕೆ ಆರೇ ರನ್ ಬಾಕಿ! ಇಂದಿಗೂ ಚಹಾ ಅಂಗಡಿಯಲ್ಲಿ ಇದರ ಬಗ್ಗೆ ಜಗಳವಾಗುತ್ತದೆ (ನಮ್ಮ ಮನೆಯಲ್ಲಿ ಅಬ್ಬಾ ಮತ್ತು ಚಾಚಾ ನಡುವೆ ಪ್ರತಿ ಈದ್‌ಗೂ ಆಗುತ್ತದೆ). ಸಚಿನ್‌ಗೆ ಬೇಸರವಾಯಿತು. ಅದನ್ನು ಅವರು ದ್ರಾವಿಡ್ ಎದುರಿಗೇ ಹೇಳಿದರು: ಆಟದಲ್ಲಿ ನನ್ನ ಕೊಡುಗೆ ಕಡಿಮೆಯಾಗುವುದಿಲ್ಲ, ಆದರೆ ಸ್ವಲ್ಪ ಹೊತ್ತು ನನ್ನನ್ನು ನನ್ನ ಪಾಡಿಗೆ ಬಿಡು ಎಂದು. 2014ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ, ಸ್ನೇಹ ಹಾಗೆಯೇ ಉಳಿಯಿತು ಎಂದೂ ಸೇರಿಸಿದ್ದಾರೆ. ಭಾರತ ಆ ಪಂದ್ಯವನ್ನು ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದಿತು. ದ್ರಾವಿಡ್ ಮಾಡಿದ್ದು ಸರಿಯೋ ತಪ್ಪೋ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ದಿನಕ್ಕೊಂದು ಅಭಿಪ್ರಾಯ ಬರುತ್ತದೆ. ಆದರೆ ಬೇಸರ ಯಾರ ಮೇಲೋ ಅವರಿಗೇ, ಅಂದೇ ಹೋಯಿತು. ಮಂಡಳಿಗೆ ಹೋಗಲಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಎರಡು ಮಾತು. ಮೊದಲನೆಯದು ನಮ್ಮ ಗುರುಗಳಿಗೆ ಮತ್ತು ಆಫೀಸಿನವರಿಗೆ, ವಿನಯದಿಂದ. ವಿದ್ಯಾರ್ಥಿಗಳು ಒಬ್ಬ ಉಪನ್ಯಾಸಕರ ಮೇಲೆ ಇಂಥ ಕಾಗದ ತಂದರೆ ದಯವಿಟ್ಟು ಮೊದಲು ಕೇಳಿ: 'ಇದನ್ನು ಅವರಿಗೆ ಹೇಳಿದ್ದೀರಾ?' ಇಲ್ಲ ಎಂದರೆ ಕಾಗದ ವಾಪಸ್ ಕೊಟ್ಟು, ಎರಡೂ ಕಡೆಯವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ. ಆದರೆ ಎದುರು ಹೇಳಲು ನಿಜವಾಗಿಯೂ ಭಯವಿರುವ ದೂರುಗಳೂ ಇರುತ್ತವೆ. ಅವು ಬೇರೆ, ಅವಕ್ಕೆ ಆಫೀಸಿನ ಬಾಗಿಲು ಯಾವಾಗಲೂ ತೆರೆದಿರಬೇಕು. ನಮ್ಮದು ಭಯವಲ್ಲ, ಬರೀ ಸಿಟ್ಟು. ಎರಡನೆಯದು ತಂಡದವರಿಗೆ. ಪ್ರತಿ ಶನಿವಾರ ಅಭ್ಯಾಸ ಮುಗಿದ ಮೇಲೆ ನೆಟ್ ಬಿಚ್ಚುವ ಮೊದಲು ಹದಿನೈದು ನಿಮಿಷ ಎಲ್ಲರೂ ಕೂರೋಣ, ಸರ್ ಕೂಡ. ಆ ಹೊತ್ತಿನಲ್ಲಿ ಸರ್ ನಮಗೆ, ನಾವು ಸರ್‌ಗೆ, ನಾವು ನಮಗೆ ಏನು ಬೇಕಾದರೂ ಹೇಳಬಹುದು. ಎಲ್ಲರ ಎದುರು ಬೈದದ್ದು ನೋವಾಯಿತು ಎಂದರೆ ಸರ್ ಕೂಡ ಕೇಳಿಸಿಕೊಳ್ಳಬೇಕು. ಕನ್ನಡಿ ಹಿಡಿಯುವುದರಲ್ಲೂ ಒಂದು ರೀತಿ ಇದೆಯಲ್ಲ. ನಮ್ಮ ಸ್ಮ್ಯಾಷರ್‌ನನ್ನು ಪಕ್ಕಕ್ಕೆ ಕರೆದು ಹೇಳಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ.

ಹೊಸದುರ್ಗದಿಂದ ಬಂದ ಮೂರನೇ ದಿನ ನಾನು ಸ್ಟಾಫ್ ರೂಮಿಗೆ ಹೋದೆ. 'ಸರ್, ಆ ಕಾಗದ ಬರೆದದ್ದು ನಾನು.'

'ಗೊತ್ತಪ್ಪ. ಎರಡು ವರ್ಷದಿಂದ ನಿನ್ನ ರಜಾ ಚೀಟಿ ಓದ್ತಾ ಇದೀನಿ, ನಿನ್ನ ಅಕ್ಷರ ಗೊತ್ತಾಗಲ್ವಾ?' ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, 'ಅವನು ಹೇಗಿದಾನೆ?' ಎಂದು ಕೇಳಿದರು.

ಈ ಲೇಖನವನ್ನು ಸಂಪಾದಕ ಮಂಡಳಿಗೆ ಕೊಡುವ ಮೊದಲು ನಾನು ನಮ್ಮ ಸ್ಮ್ಯಾಷರ್‌ಗೇ ತೋರಿಸಿದೆ. ಬೇಡ ಎಂದಿದ್ದರೆ ಹರಿದು ಹಾಕುತ್ತಿದ್ದೆ. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಪೂರ್ತಿ ಓದಿದ. '63 ಹೊಡೆದೂ ಸೋತರಾ?' ಎಂದು ಒಮ್ಮೆ ಕೇಳಿದ, ಅಷ್ಟೇ. ಆಮೇಲೆ ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು ಒಂದು ಕಡೆ ತಿದ್ದಿದ. ಹೊಸದುರ್ಗದ ಪಂದ್ಯದಲ್ಲಿ ಅವನ ಮೇಲೆ ಬಂದ ಸರ್ವ್‌ಗಳು 17 ಎಂದು ನಾನು ಬರೆದಿದ್ದೆ. ಅವನು ಅದನ್ನು ಹೊಡೆದು 19 ಎಂದು ಬರೆದ.