ಮಾರಾದ ಗೇಣಿದಾರರು

ರಾತ್ರಿ ಊಟ ಮುಗಿಸಿ ಡೇರೆಗೆ ಒಬ್ಬರೇ ಹೋಗುವಂತಿಲ್ಲ. ಕೆಂಪು ಶುಕಾ ವಸ್ತ್ರ ಹೊದ್ದ ಕಾವಲುಗಾರ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಭರ್ಜಿ ಹಿಡಿದು ಮುಂದೆ ನಡೆಯುತ್ತಾನೆ. ಬೇಲಿಯಿಲ್ಲದ ಜಾಗ, ಹೊಳೆಯಿಂದ ನೀರಾನೆಗಳು ಮೇಯಲು ಹತ್ತಿ ಬರುವ ಹೊತ್ತು. ಡೇರೆಯೊಳಗೆ ಬಿಳಿ ಹಾಸಿಗೆ, ಹೊದಿಕೆಯಡಿ ಕಾಲು ಬೆಚ್ಚಗಿರಲೆಂದು ಇಟ್ಟ ಬಿಸಿನೀರಿನ ರಬ್ಬರ್ ಚೀಲ. ಕೀನ್ಯಾದ ಮಸಾಯಿ ಮಾರಾ ಮೀಸಲು ಪ್ರದೇಶದ ಪಕ್ಕದ ಕನ್ಸರ್ವೆನ್ಸಿಯೊಂದರಲ್ಲಿ, ಅಂದರೆ ವನ್ಯಜೀವಿಗಳಿಗೆಂದು ಬಿಟ್ಟ ಖಾಸಗಿ ನೆಲದಲ್ಲಿ, ನನ್ನ ಮೊದಲ ರಾತ್ರಿ ಅದು. ನಿದ್ದೆ ಹತ್ತುವ ಮುಂಚೆ ಕಿವಿಗೆ ಬಿದ್ದದ್ದು ಎಲ್ಲೋ ದೂರದಲ್ಲಿ ದನಗಳ ಕೊರಳ ಗಂಟೆ.

ಇಂಥ ದುಬಾರಿ ಬಿಡಾರಗಳು ಕಾಡನ್ನು ಉಳಿಸುತ್ತವೆಯೋ, ಅಲ್ಲಿಯ ಜನರನ್ನು ಹೊರಗಟ್ಟುತ್ತವೆಯೋ ಎಂಬ ವಾದ ಹಳೆಯದು. ಎರಡೂ ಕಡೆಯವರ ಹತ್ತಿರ ಸಾಕ್ಷಿಗಳಿವೆ. ಆದರೆ ಆ ನೆಲದ ಕಾಗದ ಯಾರ ಪೆಟ್ಟಿಗೆಯಲ್ಲಿದೆ ಎಂದು ಮೊದಲು ಕೇಳಬೇಕು. ಉತ್ತರ ಅಲ್ಲಿಂದ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ.

ಮರುದಿನ ಬೆಳಿಗ್ಗೆ ನಮ್ಮ ಗೈಡ್ ಜೀಪಿನ ಎಂಜಿನ್ ಆರಿಸಿದ. ಇಪ್ಪತ್ತು ಹೆಜ್ಜೆ ದೂರದಲ್ಲಿ ಸಿಂಹಿಣಿ ಮಲಗಿತ್ತು, ಬಾಯ ಸುತ್ತ ರಕ್ತ ಇನ್ನೂ ಒಣಗಿರಲಿಲ್ಲ. ಎಲ್ಲರೂ ಕ್ಯಾಮೆರಾ ಎತ್ತಿದ್ದಾಗ ಆತ ಮೆಲ್ಲಗೆ ಕೈ ಚಾಚಿ, "ಆ ಮರದಿಂದ ಈ ಹಳ್ಳದ ತನಕ ನಮ್ಮಪ್ಪನ ಜಮೀನು. ನೂರೈವತ್ತು ಎಕರೆ. ತಿಂಗಳು ತಿಂಗಳು ಗೇಣಿ ಬ್ಯಾಂಕಿಗೆ ಬರುತ್ತೆ" ಎಂದ. ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಮನಸ್ಸಿಗೆ ಬಂದ ಮಾತು ಗೇಣಿ. ನನ್ನಜ್ಜ ಫಸಲಿನ ಕಾಲಕ್ಕೆ ಧಣಿಗಳ ಅಂಗಳಕ್ಕೆ ಅಕ್ಕಿಮುಡಿ ಹೊತ್ತವರು. 1974ರ ಭೂಸುಧಾರಣೆ ಬಂದ ಮೇಲೆಯೇ ಆ ಗದ್ದೆ ನಮ್ಮದಾಯಿತು. ಇಲ್ಲಿ ದನ ಕಾಯುವವನು ಧಣಿ, ಬಿಡಾರ ನಡೆಸುವ ದೂರದ ಕಂಪನಿ ಒಕ್ಕಲು. ಸಿಂಹಿಣಿಯನ್ನು ಬಿಟ್ಟು ನಾನು ಆ ಮರವನ್ನೇ ನೋಡುತ್ತಾ ಕೂತೆ.

ಈ ಒಡೆತನ ಸುಮ್ಮನೆ ಬಂದ ಭಾಗ್ಯವಲ್ಲ. ಗಡಿಯಾಚೆ ಇಂದಿನ ಟಾಂಜಾನಿಯಾದಲ್ಲಿ 1959ರಲ್ಲಿ ಸೆರೆಂಗೆಟಿಯಿಂದ ದನಗಾಹಿ ಮಸಾಯಿಗಳನ್ನು ಎಬ್ಬಿಸಿ ಎನ್‌ಗೊರೊಂಗೊರೊಗೆ ಸಾಗಿಸಿದರು. 2022ರ ಜೂನ್‌ನಲ್ಲಿ ಅದೇ ದೇಶದ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಗಡಿಕಲ್ಲು ನೆಡಲು ಪೊಲೀಸರು ಬಂದಾಗ ಗಾಯಗೊಂಡವರು ಕೀನ್ಯಾಕ್ಕೆ ಓಡಿಬಂದರು. ಅದೇ ಜನ, ಅದೇ ಹುಲ್ಲು, ಅದೇ ವೈಲ್ಡ್‌ಬೀಸ್ಟ್ ಹಿಂಡು. ಗಡಿಯಾಚೆಯವರ ಕೈಯಲ್ಲಿ ಕುಟುಂಬದ ಹೆಸರಿನ ಹಕ್ಕುಪತ್ರ ಇರಲಿಲ್ಲ. ಈಚೆ ಮಾರಾದ ಉತ್ತರಕ್ಕೆ ಸಮುದಾಯದ ಜಮೀನುಗಳನ್ನು ಕುಟುಂಬಗಳಿಗೆ ಹಂಚಿ ಪತ್ರ ಕೊಟ್ಟಿದ್ದರು. ಹಾಗೆ ಹಂಚಿದಾಗ ಎಲ್ಲರೂ ಬೇಲಿ ಹಾಕಿಕೊಂಡು ಉಳುವ ಭಯವಿತ್ತು. ಹತ್ತಿರದ ಲೊಯಿಟಾ ಬಯಲಿನಲ್ಲಿ ಗೋಧಿ ಬೆಳೆಯಲು ತೊಡಗಿದ ಮೇಲೆ ಅಲ್ಲಿಯ ವೈಲ್ಡ್‌ಬೀಸ್ಟ್ ಸಂಖ್ಯೆ ಕುಸಿದದ್ದನ್ನು ಎಲ್ಲರೂ ಕಂಡಿದ್ದರು. ಸರ್ಕಾರಿ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರ್ ಮಾತ್ರ. ಪ್ರಾಣಿಗಳಿಗೆ ಆ ಗೆರೆ ಗೊತ್ತಿಲ್ಲ. 2006ರ ಹೊತ್ತಿಗೆ ಓಲಾರೆ ಒರೊಕ್, 2010ರಲ್ಲಿ ನಬೋಯಿಶೊ, ಹೀಗೆ ಒಂದೊಂದು ಕನ್ಸರ್ವೆನ್ಸಿಯಾಗಿ ಜಮೀನುದಾರರು ಒಟ್ಟುಗೂಡಿ ನೆಲವನ್ನು ಲಾಡ್ಜುಗಳಿಗೆ ಗೇಣಿಗೆ ಕೊಟ್ಟರು.

ಬೆಲೆಯ ಮಾತೂ ಇಲ್ಲಿಯೇ ಬರುತ್ತದೆ. ಮೀಸಲು ಪ್ರದೇಶದೊಳಗೆ ಮಾರಾ ನದಿ ದಾಟುವ ಹಿಂಡಿಗಾಗಿ ಹತ್ತಾರು ವಾಹನಗಳು ದಡಕ್ಕೆ ಮುತ್ತುತ್ತವೆ, ಪ್ರಾಣಿಗಳು ಹೆದರಿ ಹಿಂದಿರುಗುತ್ತವೆ. 2024ರಿಂದ ಜುಲೈ–ಡಿಸೆಂಬರ್ ಅವಧಿಯಲ್ಲಿ ವಿದೇಶಿಯರಿಗೆ ದಿನಕ್ಕೆ 200 ಡಾಲರ್ ಪ್ರವೇಶಶುಲ್ಕ. ಕನ್ಸರ್ವೆನ್ಸಿಗಳಲ್ಲಿ ಒಂದು ಡೇರೆಗೆ ನೂರಾರು ಎಕರೆ ಎಂಬ ಲೆಕ್ಕ. ಕಡಿಮೆ ಜನ, ಹೆಚ್ಚು ದರ ಎಂಬುದನ್ನು ಬೋಟ್ಸ್ವಾನಾ ಓಕವಾಂಗೋದಲ್ಲಿ ಸರ್ಕಾರಿ ನೀತಿಯಾಗಿಯೇ ನಡೆಸಿಕೊಂಡು ಬಂದಿದೆ. ನೆಲದ ದೃಷ್ಟಿಯಿಂದ ಇದು ಸರಿ ಎಂದೇ ನಾನು ಹೇಳುತ್ತೇನೆ. ಆದರೆ ನೈರೋಬಿಯ ಮೇಷ್ಟ್ರೊಬ್ಬರು ಮಕ್ಕಳನ್ನು ಕರೆದುಕೊಂಡು ಬಂದು ಆ ಡೇರೆಯಲ್ಲಿ ಮಲಗಲಾರರು ಎಂಬುದು ನನ್ನನ್ನು ಚುಚ್ಚುತ್ತದೆ, ಅದಕ್ಕೆ ನನ್ನ ಬಳಿ ಸಮಾಧಾನವಿಲ್ಲ.

ಗೇಣಿಯಲ್ಲೂ ಹುಳುಕಿದೆ. ಪತ್ರ ಹೆಚ್ಚಾಗಿ ಗಂಡಸರ ಹೆಸರಿನಲ್ಲಿದೆ. ಹಾಲು ಕರೆಯುವ, ನೀರು ಹೊರುವ, ಸಗಣಿ ಬಳಿದು ಮನೆ ಕಟ್ಟುವ ಹೆಂಗಸಿನ ಕೈಗೆ ಹಣ ನೇರವಾಗಿ ಬರುವುದಿಲ್ಲ. ಜಮೀನು ಸಿಗದವರಿಗೆ ಗೇಣಿಯೂ ಇಲ್ಲ. ಬರಗಾಲದಲ್ಲಿ ಹುಲ್ಲು ಕಣ್ಣೆದುರೇ ಇದ್ದರೂ ಅನುಮತಿಯಿಲ್ಲದೆ ದನ ಬಿಟ್ಟರೆ ದಂಡ. 2020ರಲ್ಲಿ ವಿಮಾನಗಳು ನಿಂತಾಗ ಅತಿಥಿಗಳೂ ನಿಂತರು, ಎಷ್ಟೋ ಕಡೆ ಗೇಣಿಗೆ ಕತ್ತರಿ ಬಿತ್ತು. ಸಿಂಹ ಮಾತ್ರ ದನ ಹಿಡಿಯುವುದನ್ನು ನಿಲ್ಲಿಸಲಿಲ್ಲ. ಅತಿಥಿ ಬರಲಿ ಬಿಡಲಿ ಗೇಣಿ ಸಲ್ಲಬೇಕು ಎಂಬ ಕರಾರಿಲ್ಲದೆ ಒಂದು ಸೀಮೆಯ ಬದುಕನ್ನು ಪ್ರವಾಸಕ್ಕೆ ಕಟ್ಟಿಹಾಕುವುದು ಅನ್ಯಾಯ.

ಹಾಗಿದ್ದೂ ಒಡೆತನವೇ ಬುಡ. ದಕ್ಷಿಣ ಆಫ್ರಿಕಾದಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡ ಮಾಲಾಮಾಲಾ ಜಮೀನನ್ನು ಸರ್ಕಾರ 2013ರಲ್ಲಿ ಸುಮಾರು 100 ಕೋಟಿ ರ್‍ಯಾಂಡ್ ಕೊಟ್ಟು ಕೊಂಡು, ಹಿಂದೆ ಅದನ್ನು ಕಳೆದುಕೊಂಡಿದ್ದ ಸಮುದಾಯಕ್ಕೆ ಮರಳಿಸಿತು. ಲಾಡ್ಜ್ ಮುಂದುವರಿಯಿತು, ಒಡೆಯರು ಬದಲಾದರು. ನಮ್ಮ ನಾಗರಹೊಳೆಯಲ್ಲಿ ಕಾಡಿನೊಳಗೆ ಐಷಾರಾಮಿ ಹೋಟೆಲ್ ಏಳತೊಡಗಿದಾಗ ಆದಿವಾಸಿಗಳು ಎದ್ದುನಿಂತರು, 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಹೋಟೆಲ್ ಹೋಯಿತು, ಹಾಡಿಯವರ ನೆಲದ ಹಕ್ಕಿನ ಪ್ರಶ್ನೆ ಅಲ್ಲೇ ಉಳಿಯಿತು.

ಹೊರಡುವ ದಿನ ಗೈಡನ್ನು ಕೇಳಿದೆ, ಕರಾರು ಮುಗಿದಾಗ ಏನು ಮಾಡುತ್ತೀರಿ ಎಂದು. ಆತ ಸ್ವಲ್ಪ ಹೊತ್ತು ಆ ಮರದ ಕಡೆ ನೋಡಿದ. "ಮಳೆ ಹೇಗಿದೆ, ದನಕ್ಕೆ ಬೆಲೆ ಎಷ್ಟಿದೆ, ಇವರು ಎಷ್ಟು ಕೊಡ್ತಾರೆ, ನೋಡ್ತೀವಿ. ಅಪ್ಪ ಬೇಡ ಅಂದರೆ ಬೇಡ."