ಕೊನೆಯ ಪುಟದ ಊಟ

ಮುಂಬಯಿಯ ನಮ್ಮ ಬಡಾವಣೆಯಲ್ಲಿ ವಿಯೆಟ್ನಾಂ ಊಟದ ಸಣ್ಣ ಹೋಟೆಲೊಂದಿದೆ. ಬಂದವರೆಲ್ಲ ಕೇಳುವುದು ‘ಫೋ’ ಎಂಬ ನೂಡಲ್ಸ್ ಸಾರನ್ನೇ. ತಿನಿಸುಪಟ್ಟಿಯ ಕೊನೆಯ ಪುಟದಲ್ಲಿ ಮಧ್ಯ ವಿಯೆಟ್ನಾಮಿನ ಕೆಲವು ತಿನಿಸುಗಳಿವೆ. ಕೇಳುವವರಿಲ್ಲದ್ದರಿಂದ ಆ ಪುಟವನ್ನು ಕೈಬಿಡುವ ಯೋಚನೆಯಿದೆ ಎಂದು ಬಡಿಸುವ ಹುಡುಗ ಹೇಳಿದ. ಅಲ್ಲಿಯವರೆಗೆ ಫೋ ಒಂದನ್ನೇ ತಿಂದಿದ್ದ ನನಗೂ ಅದರಲ್ಲಿ ಪಾಲಿದೆ ಅನ್ನಿಸಿತು.

ಅಂದು ಮೊದಲು ತರಿಸಿದ್ದು ಬಾನ್ ಬೆಯೊ. ಅಕ್ಕಿಹಿಟ್ಟನ್ನು ಪುಟ್ಟ ಬಟ್ಟಲುಗಳಲ್ಲಿ ಹಬೆಯಲ್ಲಿ ಬೇಯಿಸಿ, ಮೇಲೆ ಒಣಸಿಗಡಿಯ ಪುಡಿ ಉದುರಿಸಿ, ಬಟ್ಟಲಿನಲ್ಲೇ ಬಡಿಸುವ ತಿನಿಸು. ಇಡ್ಲಿಯ ನಾಡಿನವರಿಗೆ ಇದರ ಪರಿಚಯ ಬೇಕಿಲ್ಲ. ಇದು 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿದ್ದ ಹ್ವೇ ನಗರದ್ದು. ಅನಂತರ ಬಂದ ಮೀ ಕ್ವಾಂಗ್, ಅದರ ದಕ್ಷಿಣದ ಕ್ವಾಂಗ್ ನಾಮ್ ಪ್ರದೇಶದ್ದು: ಅರಿಶಿನ ಬಣ್ಣದ ಅಗಲ ಎಳೆಗಳು, ತಳ ಮುಚ್ಚುವಷ್ಟೇ ಸಾರು, ಮೇಲೆ ಕಡಲೆಕಾಯಿ, ಜೊತೆಗೆ ಮುರಿದುಕೊಳ್ಳಲು ಎಳ್ಳು ಹಾಕಿ ಸುಟ್ಟ ಅಕ್ಕಿಯ ಹಪ್ಪಳ.

ಎಲ್ಲವೂ ರುಚಿಸಿತೆನ್ನಲಾರೆ. ಹುದುಗಿಸಿದ ಮೀನಿನ ರಸದ ವಾಸನೆ ಮೂಗಿಗೆ ಒಗ್ಗಲು ಹೊತ್ತು ಹಿಡಿಯಿತು. ನಮ್ಮ ಮನೆಯಲ್ಲಿ ರಾಗಿಮುದ್ದೆಯನ್ನು ಅಗಿಯಹೋಗಿ ಸೋತ ಮರಾಠಿ ಗೆಳೆಯನ ಮುಖ ನೆನಪಾಯಿತು. ಮೊದಲ ತುತ್ತಿಗೇ ತೀರ್ಪು ಕೊಡಬೇಡ ಎಂದು ಅವನಿಗೆ ಹೇಳಿದವನು ನಾನೇ.

ಫೋ ಮೇಲೆ ನನಗೆ ಮುನಿಸಿಲ್ಲ. ಅದೂ ಮೂಲತಃ ಉತ್ತರ ವಿಯೆಟ್ನಾಮಿನ ಪ್ರಾದೇಶಿಕ ತಿನಿಸೇ. 1954ರಲ್ಲಿ ದೇಶ ಇಬ್ಭಾಗವಾದಾಗ ದಕ್ಷಿಣಕ್ಕೆ ವಲಸೆ ಹೋದವರೊಡನೆ ಸೈಗಾನಿನಲ್ಲಿ ಬೇರೂರಿ, 1975ರ ನಂತರ ನಾಡು ಬಿಟ್ಟ ನಿರಾಶ್ರಿತರೊಡನೆ ದೂರದ ದೇಶಗಳಿಗೆ ಹಬ್ಬಿತು. ಆದರೆ ಒಂದು ತಿನಿಸೇ ಇಡೀ ನಾಡಿನ ಹೆಸರಾದಾಗ ಉಳಿದವು ಮರೆಯಾಗುತ್ತವೆ. ಇದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಉಡುಪಿ ಹೋಟೆಲುಗಳು ಈ ನಗರಕ್ಕೆ ಇಡ್ಲಿ-ದೋಸೆಯನ್ನು ಕೊಟ್ಟವು. ಬಸ್ಸಾರು, ಎಣ್ಣೆಗಾಯಿ, ಪತ್ರೊಡೆ ಬಹುಪಾಲು ಮನೆಯೊಳಗೇ ಉಳಿದವು. ತಪ್ಪು ಹೋಟೆಲಿನವರದಲ್ಲ, ಗಿರಾಕಿ ಕೇಳಿದ್ದಷ್ಟೇ ಪಟ್ಟಿಯಲ್ಲಿ ನಿಲ್ಲುತ್ತದೆ.

ಇಲ್ಲಿ ಸಿಗುವುದು ಅಸಲಿ ರುಚಿಯಲ್ಲ ಎನ್ನುವವರಿದ್ದಾರೆ. ಇರಬಹುದು. ಹೊಯ್ ಆನ್ ಪಟ್ಟಣದವರು ತಮ್ಮ ಕಾವ್ ಲಾವ್ ನೂಡಲ್ಸಿಗೆ ಅಲ್ಲಿಯ ಬಾ ಲೆ ಬಾವಿಯ ನೀರೇ ಆಗಬೇಕೆನ್ನುತ್ತಾರೆ. ಆ ನೀರು ಮುಂಬಯಿಗೆ ಬಾರದು. ಆದರೂ ತನ್ನ ಊರಿನ ಗುರುತು ಹೊತ್ತ ತಿನಿಸೊಂದು ಪಟ್ಟಿಯಲ್ಲಿದ್ದರೆ, ಅಂಥದೊಂದು ಊರು ಇದೆಯೆಂದಾದರೂ ನಮಗೆ ತಿಳಿಯುತ್ತದೆ. ನಮ್ಮ ಊಟವನ್ನು ಇತರರು ಪೂರ್ತಿ ಅರಿಯಲಿ ಎಂದು ಬಯಸುವ ನಾವು, ಇತರರ ಪಟ್ಟಿಯ ಕೊನೆಯ ಪುಟವನ್ನೂ ತೆರೆಯಬೇಕು.